ನಾಲ್ಕು ದಿನ ಸಿನಿಮಾ ನೋಡಿ ಬಂದ ಮೇಲೆ ತೆಗೆದ ಮದುವೆ

ಹಾಸನದಲ್ಲಿ ಮದುವೆ ಫೋಟೊ, ವಿಡಿಯೋ ಮಾಡುವುದು ನನ್ನ ಕೆಲಸ. ಹದಿನಾರು ವರ್ಷ ಆಯ್ತು. ದಿನವೂ ಕ್ಯಾಮೆರಾ ಹಿಡಿಯುವವನಾದರೂ ಚಿತ್ರೋತ್ಸವಕ್ಕೆ ಹೋಗಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಅದು ಸಿನಿಮಾ ಓದಿಕೊಂಡವರಿಗೆ, ಬೆಂಗಳೂರಿನವರಿಗೆ ಅಂದುಕೊಂಡಿದ್ದೆ.

ಹೋಗುವ ಹಾಗೆ ಮಾಡಿದ್ದು ಒಂದು ರಾತ್ರಿ. 2025ರ ಫೆಬ್ರವರಿ. ಎರಡು ಮದುವೆಗಳ ಹೈಲೈಟ್ಸ್ ಒಟ್ಟಿಗೆ ಎಡಿಟ್ ಮಾಡುತ್ತಿದ್ದೆ. ಒಂದು ಅರಸೀಕೆರೆಯದು, ಇನ್ನೊಂದು ಸಕಲೇಶಪುರದ್ದು. ಅರಸೀಕೆರೆ ಮದುವೆಯ ಒಂದು ಶಾಟ್ ಸಕಲೇಶಪುರದ ಮದುವೆಯೊಳಗೆ ಸೇರಿಕೊಂಡಿತ್ತು. ಮೂರು ಸಲ ನೋಡಿದರೂ ನನಗೆ ಗೊತ್ತಾಗಲಿಲ್ಲ. ಕೊನೆಗೆ ಸೀರೆ ಅಂಚಿನ ಬಣ್ಣ ನೋಡಿ ಗೊತ್ತಾಯಿತು. ಅದೇ ಡ್ರೋನ್, ಅದೇ ಸ್ಲೋ ಮೋಷನ್, ಅದೇ ಹಾಡು. ಎರಡು ಮನೆಯವರು ಸಾಲ ಸೋಲ ಮಾಡಿ, ನೂರಾರು ಜನರನ್ನು ಕರೆದು ಮಾಡಿದ ಮದುವೆ. ನನ್ನ ಕೈಯಲ್ಲಿ ಎರಡೂ ಒಂದೇ ಆಗಿ ಹೋಗಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಸಿನಿಮಾ ನೋಡಿಕೊಂಡೇ ಬೆಳೆದ ಕಸುಬು ನಮ್ಮದು. ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳ ರಾಶಿ ಇತ್ತು. ಹೆಣ್ಣಿನ ಮುಖ ಹೃದಯದ ಆಕಾರದೊಳಗೆ, ಮೇಲಿಂದ ಗುಲಾಬಿ ಹೂವಿನ ಮಳೆ. 2018ರಲ್ಲಿ ಕೆಜಿಎಫ್ ಬಂತು. ಗಂಡಿನ ಎಂಟ್ರಿಗೆ ಹೊಗೆ ಬೇಕು, ಬಣ್ಣ ಕಂದಗಾಗಬೇಕು ಅಂದರು. 2022ರಲ್ಲಿ ಕಾಂತಾರ ಬಂತು. ಪಂಚೆ, ಪಂಜು, ಮಳೆಯಲ್ಲಿ ನೆನೆದ ಕಾಡು. ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದಲ್ಲ, ಆ ಶೆಟ್ಟಿಹಳ್ಳಿ ಚರ್ಚಿನ ಮುಂದೆ ನಾನು ಎಷ್ಟು ಪ್ರಿ-ವೆಡ್ಡಿಂಗ್ ಶೂಟ್ ಮಾಡಿದ್ದೇನೋ ಲೆಕ್ಕವಿಲ್ಲ. ಮದುವೆ ವಿಡಿಯೋ ನೋಡಿದರೆ ಆ ವರ್ಷ ಯಾವ ಸಿನಿಮಾ ಓಡಿತ್ತು ಅಂತ ಹೇಳಬಹುದು.

ಇದನ್ನು ದೂರು ಅಂತ ಹೇಳುತ್ತಿಲ್ಲ. ನಾನೂ ಮೊದಲ ದಿನ, ಮೊದಲ ಆಟಕ್ಕೆ ಶಿಳ್ಳೆ ಹೊಡೆದು ಬೆಳೆದವನು. ನಮ್ಮಜ್ಜಿ 1964ರ ಅಮರಶಿಲ್ಪಿ ಜಕಣಾಚಾರಿಯನ್ನು ಟೆಂಟ್‌ನಲ್ಲಿ ನೋಡಿದ್ದರು. ಕನ್ನಡದ ಮೊದಲ ಪೂರ್ಣ ಪ್ರಮಾಣದ ಬಣ್ಣದ ಚಿತ್ರ ಅದು. ಬೇಲೂರಿಗೆ ಅಜ್ಜಿಯ ಊರಿಂದ ಹನ್ನೆರಡೇ ಮೈಲಿ. ಆದರೂ ಅಜ್ಜಿ ಬೇಲೂರಿನ ಗುಡಿ ನೋಡಲು ಹೋಗಿದ್ದು ಆ ಸಿನಿಮಾ ನೋಡಿದ ಮೇಲೆ. ಜನರಿಗೆ ತಮ್ಮದನ್ನೇ ನೋಡುವ ಆಸೆ ಹುಟ್ಟಿಸುವ ಶಕ್ತಿ ಸಿನಿಮಾಕ್ಕೆ ಇದೆ. ನನ್ನ ಕೆಲಸದಲ್ಲಿ ಕಳೆದುಹೋಗಿದ್ದು ಅದೇ ಅನ್ನಿಸಿತು.

ಮಾರ್ಚ್ ಮೊದಲ ವಾರ ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಇತ್ತು. 16ನೇ ಆವೃತ್ತಿ. 2006ರಲ್ಲಿ ಶುರುವಾಗಿದ್ದು. ಈಗ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತದೆ. ಆನ್‌ಲೈನ್‌ನಲ್ಲಿ ಹೆಸರು ಕೊಟ್ಟು, 800 ರೂಪಾಯಿ ಕಟ್ಟಿದೆ. ಆಗ ವಿದ್ಯಾರ್ಥಿಗಳಿಗೆ, ಹಿರಿಯರಿಗೆ 400 ಇತ್ತು. ಪಾಸ್ ಕೊರಳಿಗೆ ಹಾಕಿಕೊಂಡರೆ ಎಷ್ಟು ಬೇಕಾದರೂ ಸಿನಿಮಾ ನೋಡಬಹುದು. ಮದುವೆ ಸೀಸನ್ ಬೇರೆ. ವಾರದ ನಡುವೆ ಮುಹೂರ್ತ ಇಲ್ಲದ ನಾಲ್ಕು ದಿನ ಹುಡುಕಿ, ಸ್ಟುಡಿಯೋ ಬಾಮೈದನಿಗೆ ಒಪ್ಪಿಸಿ ಹೊರಟೆ.

ಹಾಸನದವರಿಗೆ ದಾರಿ ಸುಲಭ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಶುರುವಾಗಿದ್ದು 2017ರಲ್ಲಿ. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿಂದ ಆ ಸಲ ಉತ್ಸವ ನಡೆದ ಒರಾಯನ್ ಮಾಲ್‌ಗೆ ನಡೆದೇ ಹೋಗಬಹುದು. ಉಳಿದುಕೊಳ್ಳಲು ಯಶವಂತಪುರದಲ್ಲಿ ಚಿಕ್ಕಪ್ಪನ ಮಗನ ಮನೆ ಇತ್ತು.

ಮೊದಲ ದಿನ ತಪ್ಪು ಮಾಡಿದೆ. ಐದು ಚಿತ್ರ ನೋಡಿದೆ. ರಾತ್ರಿ ಮಲಗಿದಾಗ ಎಲ್ಲ ಕಲಸಿಹೋಗಿತ್ತು. ಯಾವ ಮಗು ಯಾವ ಚಿತ್ರದ್ದು ಅಂತ ನೆನಪಿಲ್ಲ. ಅದರ ಮೇಲೆ ಸಬ್‌ಟೈಟಲ್. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಕೆಳಗಿನ ಇಂಗ್ಲಿಷ್ ಓದುವಷ್ಟರಲ್ಲಿ ಮೇಲಿನ ಮುಖ ಹೋಗಿರುತ್ತಿತ್ತು. ಎರಡನೇ ದಿನ ಒಂದು ನಿರ್ಧಾರ ಮಾಡಿದೆ. ಮೊದಲ ಹತ್ತು ನಿಮಿಷ ಓದುವುದು. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾದ ಮೇಲೆ ಓದುವುದು ಬಿಟ್ಟು ಮುಖ ನೋಡುವುದು. ಅರ್ಧ ಮಾತು ಹೋದರೂ ಚಿಂತೆಯಿಲ್ಲ. ಹಾಗೆ ನೋಡಿದ ಚಿತ್ರಗಳೇ ಈಗಲೂ ನೆನಪಿವೆ.

ಚಿತ್ರ ಆರಿಸುವುದರಲ್ಲೂ ಅಷ್ಟೆ. ಇನ್ನೂರಕ್ಕೂ ಹೆಚ್ಚು ಚಿತ್ರ ಇದ್ದವು. ನಾಳೆ ಥಿಯೇಟರ್‌ಗೋ ಮೊಬೈಲಿಗೋ ಬರುವಂಥದ್ದನ್ನು ಬಿಟ್ಟೆ. ಮತ್ತೆ ಎಲ್ಲೂ ಸಿಗದು ಅನ್ನಿಸಿದ್ದಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಪ್ರತಿ ಹೊತ್ತಿಗೂ ಎರಡನೇ ಆಯ್ಕೆ ಒಂದು ಇಟ್ಟುಕೊಂಡೆ. ಮುಕ್ಕಾಲು ಗಂಟೆ ಮುಂಚೆ ಸಾಲಿನಲ್ಲಿ ನಿಂತರೆ ನಡುವಿನ ಸೀಟು ಸಿಗುತ್ತದೆ. ದಿನಕ್ಕೆ ಮೂರೇ ಚಿತ್ರ.

ಈಗ ಅಲ್ಲಿ ನೋಡಿದ ಒಂದು ಶಾಟ್ ಬಗ್ಗೆ ಹೇಳಬೇಕು. ಒಬ್ಬ ಮುದುಕಿ ಕಿಟಕಿ ಪಕ್ಕ ಕೂತು ಕಾಳು ಬಿಡಿಸುತ್ತಿದ್ದಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ನನ್ನದು ಎಡಿಟ್ ಮಾಡುವ ತಲೆ. ಮೂರು ಸೆಕೆಂಡ್, ಈಗ ಕಟ್. ಆಗಲಿಲ್ಲ. ಐದು. ಹತ್ತು. ಕಾಲು ನಿಮಿಷ. ನನಗೆ ಕಸಿವಿಸಿ ಶುರುವಾಯಿತು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಆಕೆಯ ಹೆಬ್ಬೆರಳಿನ ಉಗುರು ಕಂಡಿತು. ಕಪ್ಪಗಾಗಿತ್ತು, ಸೀಳಿತ್ತು. ಮೊದಲಿಂದ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಆಮೇಲೆ ಹೊರಗೆ ದೂರದಲ್ಲಿ ಒಂದು ಗಾಡಿ ನಿಂತ ಸದ್ದು. ಆಕೆಯ ಕೈ ನಿಂತಿತು. ಗಾಡಿ ಮುಂದೆ ಹೋಯಿತು. ಕೈ ಮತ್ತೆ ಕಾಳು ಬಿಡಿಸತೊಡಗಿತು. ಅಷ್ಟೇ. ಯಾರಿಗೋ ಕಾಯುತ್ತಿದ್ದಾಳೆ ಅಂತ ಯಾರೂ ಹೇಳಲಿಲ್ಲ. ಇಡೀ ಹಾಲ್‌ಗೆ ಗೊತ್ತಾಯಿತು. ನಾನಾಗಿದ್ದರೆ ಮೂರನೇ ಸೆಕೆಂಡಿಗೇ ಕತ್ತರಿಸುತ್ತಿದ್ದೆ. ಆ ಕೈ ನಿಂತಿದ್ದು ಯಾರಿಗೂ ಕಾಣುತ್ತಲೇ ಇರಲಿಲ್ಲ.

ಸ್ಲೋ ಮೋಷನ್‌ಗೆ ನಾವು ಸೆಕೆಂಡಿಗೆ ನೂರು ಫ್ರೇಮ್‌ನಲ್ಲಿ ತೆಗೆದು ಇಪ್ಪತ್ತೈದರಲ್ಲಿ ಓಡಿಸುತ್ತೇವೆ. ಒಂದು ನಿಮಿಷ ನಾಲ್ಕು ನಿಮಿಷವಾಗುತ್ತದೆ. ಹೆಣ್ಣು ತಿರುಗಿ ನೋಡಿದ್ದು, ಕೂದಲು ಹಾರಿದ್ದು ಎಲ್ಲ ತೇಲಿದ ಹಾಗೆ ಕಾಣುತ್ತದೆ. ಚೆನ್ನಾಗಿರುತ್ತದೆ, ನಿಜ. ಆದರೆ ಕಾಲವನ್ನು ಎಳೆಯುವುದು ಬೇರೆ, ಕಾಯುವುದು ಬೇರೆ. ಎಳೆದಾಗ ಸದ್ದು ಸತ್ತುಹೋಗುತ್ತದೆ, ಅದಕ್ಕೇ ಹಾಡು ಅಂಟಿಸುತ್ತೇವೆ. ಆ ಗಾಡಿಯ ಸದ್ದು ಇಲ್ಲದಿದ್ದರೆ ಮುದುಕಿಯ ಕೈ ನಿಂತಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ ಅಲ್ವಾ?

ಹಾಲ್‌ನ ಮೌನವೂ ನನಗೆ ಹೊಸದು. ನಮ್ಮೂರಿನ ಥಿಯೇಟರ್‌ನಲ್ಲಿ ಜನ ತೆರೆಯ ಜೊತೆ ಮಾತಾಡುತ್ತಾರೆ. ಇಲ್ಲಿ ಉಸಿರು ಕೇಳುವಷ್ಟು ಮೌನ. ಆದರೆ ಮೂರನೇ ದಿನ ಒಂದು ಚಿತ್ರದಲ್ಲಿ ಅಪ್ಪ ಮಗ ಒಂದು ಮಂಚವನ್ನು ಬಾಗಿಲಲ್ಲಿ ತೂರಿಸಲು ಒದ್ದಾಡುವ ದೃಶ್ಯ ಬಂತು. ಸಬ್‌ಟೈಟಲ್ ಬರುವ ಮುಂಚೆಯೇ ಇಡೀ ಹಾಲ್ ನಕ್ಕಿತು. ಆ ನಗು ನಮ್ಮೂರಿನದೇ ನಗು. ಶಿಳ್ಳೆ ಹೊಡೆಯುವವರು, ಸುಮ್ಮನೆ ಕೂರುವವರು ಅಂತ ಎರಡು ಜಾತಿ ಇಲ್ಲ ಅನ್ನಿಸಿತು.

ಸಾಲಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪರಿಚಯವಾದರು. ಐವತ್ತು ವರ್ಷದಿಂದ ಸಿನಿಮಾ ನೋಡುತ್ತಿರುವವರು. ಹೆಗ್ಗೋಡಿನ ಮಾತು ಬಂತು. ಅಲ್ಲಿನ ಕೆ.ವಿ. ಸುಬ್ಬಣ್ಣ ಅವರ ನಾಟಕ ಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಮಾಡಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ್ದನ್ನು ಹೇಳಿದರು. ಅಡಿಕೆ ತೋಟದವರು ನೋಡಿ ಅರ್ಥ ಮಾಡಿಕೊಂಡಿದ್ದು ನಮಗೆ ಅರ್ಥವಾಗದೇ ಇರುತ್ತದೆಯೇ ಅಂದರು. ಆಮೇಲೆ ಒಂದು ಮಾತು ಹೇಳಿದರು: "ನೋಡಿ, ಚಿತ್ರ ಮುಗಿದ ಮೇಲೆ ಐದು ನಿಮಿಷ ಫೋನ್ ತೆಗೀಬೇಡಿ. ಸುಮ್ನೆ ನಿಂತ್ಕೊಳ್ಳಿ." ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ಆ ಐದು ನಿಮಿಷದಲ್ಲಿ ಏನು ನೆನಪಾಗುತ್ತದೋ ಅದನ್ನು ಮಾತ್ರ ನೋಟ್‌ಬುಕ್‌ನಲ್ಲಿ ಬರೆದೆ. ನಾಲ್ಕು ದಿನಕ್ಕೆ ಹದಿಮೂರು ಪುಟ. ಕಥೆ ಎಲ್ಲೂ ಇಲ್ಲ. ಬರೀ ಕೈ, ಬಾಗಿಲು, ಸದ್ದು.

ಇನ್ನೊಂದು ವಿಷಯವೂ ಸಾಲಿನಲ್ಲೇ ಕಿವಿಗೆ ಬಿದ್ದಿದ್ದು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಕೋಳಿ ಕದ್ದ ಅಜ್ಜಿಯ ಜನಪದ ಕಥೆ ಇಟ್ಟುಕೊಂಡು ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತ್ತು. ಹದಿನಾರು ನಿಮಿಷದ ಚಿತ್ರ. ನಾನು ಮದುವೆಗೆ ಮೂರು ಗಂಟೆಯ ವಿಡಿಯೋ ಒಂದು, ನಾಲ್ಕು ನಿಮಿಷದ ಹೈಲೈಟ್ಸ್ ಒಂದು ಕೊಡುತ್ತಿದ್ದೆ. ಮೊದಲನೆಯದನ್ನು ಯಾರೂ ಪೂರ್ತಿ ನೋಡುವುದಿಲ್ಲ. ಎರಡನೆಯದರಲ್ಲಿ ಯಾರೂ ಇರುವುದಿಲ್ಲ. ಹದಿನಾರು, ಹದಿನೆಂಟು ನಿಮಿಷ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಊರಿಗೆ ಬಂದು ತಿಥಿ ಚಿತ್ರವನ್ನು ಮತ್ತೆ ನೋಡಿದೆ. ಮಂಡ್ಯ ಕಡೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಚಿತ್ರ. ನಿರ್ದೇಶಕ ರಾಮ್ ರೆಡ್ಡಿ ಜೊತೆ ಕಥೆ ಬರೆದ ಈರೇಗೌಡ ಅದೇ ಊರಿನವರು. ಕ್ಯಾಮೆರಾ ಮುಂದೆ ಯಾವತ್ತೂ ನಿಂತಿರದ ಜನ ಹೇಗೆ ಅಷ್ಟು ಸಲೀಸಾಗಿದ್ದರು ಅಂತ ನನಗೆ ಆಶ್ಚರ್ಯ. ತೆಗೆಯುವವರು ಅವರಿಗೆ ಹೊರಗಿನವರಾಗಿರಲಿಲ್ಲ, ಅದೇ ಕಾರಣ ಅಂತ ನನ್ನ ಅನಿಸಿಕೆ. ನಾನು ಮದುವೆ ಮನೆಗೆ ಹೋಗುವುದು ಮೂರು ಲೈಟು ಹಿಡಿದುಕೊಂಡು, "ಇಲ್ಲಿ ನೋಡಿ, ನಗಿ" ಅಂತ.

ಮೇ ತಿಂಗಳಲ್ಲಿ ಹೊಳೆನರಸೀಪುರ ಕಡೆಯ ಒಂದು ಮದುವೆ ಒಪ್ಪಿಕೊಂಡೆ. ಹುಡುಗಿಯ ಹತ್ತಿರ ಮೊದಲೇ ಕೇಳಿದೆ. "ನಿಮಗೆ ಬೇಕಾದ ರೀಲ್ಸ್, ಎಂಟ್ರಿ ಎಲ್ಲ ಬಾಮೈದ ಮಾಡ್ತಾನಮ್ಮ. ಒಂದು ಕ್ಯಾಮೆರಾ ಮಾತ್ರ ನನ್ನ ಇಷ್ಟಕ್ಕೆ ಬಿಡಿ." "ಮಾಡಿ ಅಣ್ಣ" ಅಂದಳು. ಮದುವೆಗೆ ಎರಡು ದಿನ ಮುಂಚೆ ಬರಿಗೈಯಲ್ಲಿ ಅವರ ಮನೆಗೆ ಹೋದೆ. ಕಾಫಿ ಕುಡಿದೆ, ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಲು ಕೈ ಹಾಕಿದೆ. ಮರುದಿನ ಕ್ಯಾಮೆರಾ ತಂದಾಗ ಯಾರೂ ಸೆರಗು ಸರಿ ಮಾಡಿಕೊಳ್ಳಲಿಲ್ಲ.

ಅರಿಶಿನದ ದಿನ ಹುಡುಗಿಯ ಅಜ್ಜಿ, ಅಕ್ಕಪಕ್ಕದ ನಾಲ್ಕು ಹೆಂಗಸರು ಸೋಬಾನೆ ಹೇಳಿದರು. ಮೊದಲಾಗಿದ್ದರೆ ನಾನು ಹತ್ತು ಸೆಕೆಂಡ್ ತೆಗೆದು ಮುಂದೆ ಹೋಗುತ್ತಿದ್ದೆ. ಸದ್ದು ಹಿಡಿಯುವ ಸಣ್ಣ ರೆಕಾರ್ಡರ್ ಒಂದನ್ನು ಹೊಸದಾಗಿ ತಂದಿದ್ದೆ. ಅಜ್ಜಿಯ ಮುಂದೆ ಇಟ್ಟು ದೂರ ಕೂತೆ. ಹನ್ನೊಂದು ನಿಮಿಷ. ನಡುವೆ ಅಜ್ಜಿಗೆ ಒಂದು ಸಾಲು ಮರೆತುಹೋಯಿತು. ಪಕ್ಕದವರು ಕಾದರು. ಅಜ್ಜಿ ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳು ತಟ್ಟಿ, ಸಾಲು ಹಿಡಿದರು. ಅದೆಲ್ಲ ಬಂತು.

ಧಾರೆಯ ಹೊತ್ತಿಗೆ, ಓಡಾಡಿಕೊಂಡು ತೆಗೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಎತ್ತಿಟ್ಟೆ. ಸ್ಟ್ಯಾಂಡ್ ಮೇಲೆ ಐವತ್ತು ಎಂಎಂ ಲೆನ್ಸ್. ಬಾಮೈದ ಇಡೀ ಮಂಟಪ ತೆಗೆಯುತ್ತಿದ್ದ, ಹಾಗಾಗಿ ಏನೂ ತಪ್ಪಿಹೋಗುವ ಭಯ ಇರಲಿಲ್ಲ. ನಾನು ಅಪ್ಪ ಅಮ್ಮನ ಕೈಗೆ ಫೋಕಸ್ ಮಾಡಿ ಬಿಟ್ಟುಬಿಟ್ಟೆ. ಗಟ್ಟಿಮೇಳ ಶುರುವಾಯಿತು. ಓಲಗದ ಸದ್ದಿಗೆ ಏನೂ ಕೇಳಿಸುತ್ತಿಲ್ಲ. ಅಮ್ಮ ಚೊಂಬು ಬಗ್ಗಿಸಿದರು. ಕೈ ನಡುಗುತ್ತಿತ್ತು, ಹಾಲು ಎರಡು ಕಡೆ ಹರಿಯಿತು. ಅಮ್ಮನ ಮುಖವನ್ನು ಅಪ್ಪ ನೋಡಲಿಲ್ಲ. ಸುಮ್ಮನೆ ತಮ್ಮ ಅಂಗೈಯನ್ನು ಚೊಂಬಿನ ತಳಕ್ಕೆ ಕೊಟ್ಟರು. ಹಾಲು ಒಂದೇ ಧಾರೆಯಾಯಿತು. ಆಮೇಲೆ ನೆಂಟರು ಒಬ್ಬೊಬ್ಬರಾಗಿ ಬಂದು ಎರೆದರು. ಅಪ್ಪನ ಅಂಗೈ ಬಹಳ ಹೊತ್ತು ಹಾಗೇ, ಏನೂ ಇಲ್ಲದೆ, ಗಾಳಿಯಲ್ಲಿ ಇತ್ತು.

ನಾಲ್ಕು ನಿಮಿಷ, ಕಟ್ ಇಲ್ಲ. ಹದಿನೆಂಟು ನಿಮಿಷದ ಚಿತ್ರದಲ್ಲಿ ಆ ನಾಲ್ಕನ್ನೂ ಇಟ್ಟೆ. ಸಿನಿಮಾ ಹಾಡು ಹಾಕಲಿಲ್ಲ. ಹಾಕಿದರೆ ಯೂಟ್ಯೂಬ್‌ನಲ್ಲಿ ಹಕ್ಕಿನ ತಕರಾರು ಬಂದು ಸದ್ದೇ ಹೋಗುವುದುಂಟು, ಅದೂ ಒಂದು ಕಾರಣ. ಓಲಗ, ಸೋಬಾನೆ, ಊಟದ ಪಂಕ್ತಿಯ ಗದ್ದಲ, ಅಷ್ಟೇ ಇಟ್ಟೆ.

ಗಂಡಿನ ತಮ್ಮ ಫೋನ್ ಮಾಡಿ ಎಂಟ್ರಿ ವಿಡಿಯೋ ಸೂಪರ್ ಅಂದ. ಅದು ಬಾಮೈದ ತೆಗೆದಿದ್ದು, ನಿಜವಾಗಿಯೂ ಚೆನ್ನಾಗಿತ್ತು. ನನ್ನ ಚಿತ್ರದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಎರಡು ತಿಂಗಳಾಯಿತು. ಆಷಾಢ, ಕೆಲಸ ಕಡಿಮೆ. ಒಂದು ಮಧ್ಯಾಹ್ನ ಹುಡುಗಿಯ ಅಮ್ಮ ಫೋನ್ ಮಾಡಿದರು. "ನಮ್ಮತ್ತೆ ಹೇಳಿದ ಸೋಬಾನೆ ಪೂರ್ತಿ ಇದೆಯಾ ನಿಮ್ಹತ್ರ? ಅದರಲ್ಲಿ ಸ್ವಲ್ಪವೇ ಹಾಕಿದೀರಾ. ನಂಗೆ ಕಲೀಬೇಕು. ಚಿಕ್ಕವಳ ಮದುವೆಗೆ ನಾನೇ ಹೇಳ್ಬೇಕು ಅಂತಿದೀನಿ."

ಹನ್ನೊಂದು ನಿಮಿಷವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ, ಅವತ್ತೇ ಬಸ್ ಹತ್ತಿ ಹೋಗಿ ಕೊಟ್ಟು ಬಂದೆ.