ವಿದೇಶದಲ್ಲಿ ಬಾಡಿಗೆ ಕಾರು: ಕೀ ಕೈಗೆ ಬರುವ ಮುಂಚೆ

ಮಳೆಗಾಲದ ಮಂಜಿನಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ, ಕೈಮರದಿಂದ ಮುಳ್ಳಯ್ಯನಗಿರಿ ಹತ್ತುವಾಗ ಎದುರಿಗೆ ಜೀಪು ಬಂದರೆ ತಿರುವಿನಲ್ಲೇ ರಿವರ್ಸ್ ಹೋದವರಿಗೆ, ವಿದೇಶದ ನುಣುಪು ರಸ್ತೆ ಒಂದು ಲೆಕ್ಕವೇ ಅಲ್ಲ ಅನಿಸುತ್ತದೆ. ಚಿಕ್ಕಮಗಳೂರಿನಿಂದ ನ್ಯೂಜಿಲೆಂಡಿಗೆ ಹೊರಟಾಗ ನಮಗೂ ಹಾಗೇ ಅನಿಸಿತ್ತು. ಆದರೆ ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಕೌಂಟರ್ ದಾಟಲೇ ಆಗಲಿಲ್ಲ. ಕಾರು ಓಡಿಸಬೇಕಿದ್ದ ಭಾವನವರ ಹತ್ತಿರ ಲೈಸೆನ್ಸ್ ಇತ್ತು, ಕ್ರೆಡಿಟ್ ಕಾರ್ಡ್ ಇರಲಿಲ್ಲ. ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇತ್ತು, ಲೈಸೆನ್ಸ್ ಮನೆಯ ಬೀರುವಿನಲ್ಲಿತ್ತು. ಡಿಜಿಲಾಕರ್‌ನಲ್ಲಿ ಇದೆಯಲ್ಲ ಅಂತ ಬಿಟ್ಟು ಬಂದಿದ್ದೆ. ಮೊಬೈಲ್ ತೋರಿಸಿದೆ, ಅವರು ಒಪ್ಪಲಿಲ್ಲ. ಕಟ್ಟಿದ್ದ ಮುಂಗಡವೂ ವಾಪಸ್ ಬರಲಿಲ್ಲ. ವಯಸ್ಸಾದ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಬಸ್ಸು ಹುಡುಕಿದೆವು.

ಬಾಡಿಗೆ ಕಾರಿನ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಸ್ಟೀರಿಂಗ್ ಮುಟ್ಟುವ ಮುಂಚೆಯೇ ಆಗಿಹೋಗುತ್ತವೆ. ಅದಕ್ಕೇ ಊರಿನಲ್ಲಿ ಮಾಡಬೇಕಾದ ಕೆಲಸದಿಂದಲೇ ಶುರು ಮಾಡೋಣ.

ಹೊರಡುವ ಒಂದು ತಿಂಗಳ ಮುಂಚೆ

ಮೊದಲು ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ. ನಮ್ಮಲ್ಲಿ ಇದನ್ನು ಕೊಡುವುದು ಆರ್‌ಟಿಒ. ಚಿಕ್ಕಮಗಳೂರಿನವರಾಗಲಿ ಹಾಸನದವರಾಗಲಿ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ವಿವರ ಕೊಡಬೇಕು. ಅರ್ಜಿಯ ಹೆಸರು ಫಾರ್ಮ್ 4ಎ, ನಿಯಮದ ಪ್ರಕಾರ ಶುಲ್ಕ 1,000 ರೂಪಾಯಿ. ಪರ್ಮಿಟ್ ಒಂದು ವರ್ಷಕ್ಕಿಂತ ಜಾಸ್ತಿ ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಹತ್ತೇ ನಿಮಿಷದಲ್ಲಿ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಕೊಡುತ್ತೇವೆ ಅನ್ನುವವರ ಬಲೆಗೆ ಬೀಳಬೇಡಿ, ಆ ಕಾಗದಕ್ಕೆ ಬೆಲೆ ಇಲ್ಲ.

ನ್ಯೂಜಿಲೆಂಡಿನಂಥ ಕಡೆ ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ಸಾಕು. ಜಪಾನಿನಲ್ಲಿ ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದದ ಮಾದರಿಯ ಐಡಿಪಿ ಬೇಕೇ ಬೇಕು, ಭಾರತದ್ದು ಅದೇ ಮಾದರಿ. ಎಲ್ಲಿಗೆ ಹೋದರೂ ಐಡಿಪಿ ಜೊತೆ ಅಸಲಿ ಲೈಸೆನ್ಸ್ ಕಾರ್ಡ್ ಇರಲೇಬೇಕು. ಐಡಿಪಿ ಅದರ ಅನುವಾದ ಇದ್ದ ಹಾಗೆ, ಒಂಟಿಯಾಗಿ ಅದು ನಡೆಯುವುದಿಲ್ಲ.

ಎರಡನೆಯದು ಕ್ರೆಡಿಟ್ ಕಾರ್ಡ್. ಅದು ಮುಖ್ಯ ಡ್ರೈವರ್ ಹೆಸರಿನಲ್ಲೇ ಇರಬೇಕು. ಗಂಡನ ಕಾರ್ಡ್, ಹೆಂಡತಿಯ ಡ್ರೈವಿಂಗ್ ಅಂದರೆ ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ಡೆಪಾಸಿಟ್ ಅಂತ ಕಾರ್ಡಿನಲ್ಲಿ ದೊಡ್ಡ ಮೊತ್ತವನ್ನೇ ಬ್ಲಾಕ್ ಮಾಡುತ್ತಾರೆ, ಅಷ್ಟು ಲಿಮಿಟ್ ಖಾಲಿ ಇಟ್ಟುಕೊಳ್ಳಿ. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್ ಡೆಪಾಸಿಟ್‌ಗೆ ಅನೇಕ ಕಡೆ ಆಗುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಆಗಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿಕೊಂಡೇ ವಿಮಾನ ಹತ್ತಿ.

ಬುಕ್ ಮಾಡುವಾಗ ಗೇರ್ ನೋಡಿ. ಯುರೋಪಿನಲ್ಲಿ ಕಡಿಮೆ ಬಾಡಿಗೆಯ ಕಾರು ಸಾಮಾನ್ಯವಾಗಿ ಮ್ಯಾನ್ಯುಯಲ್. ಎಡಗಡೆ ಸ್ಟೀರಿಂಗ್, ಬಲಗೈಯಲ್ಲಿ ಗೇರ್, ಬಲಬದಿಯ ರಸ್ತೆ, ಇಷ್ಟನ್ನೂ ಒಂದೇ ದಿನ ಕಲಿಯುವುದು ಬೇಡ. ನಾಲ್ಕು ಕಾಸು ಜಾಸ್ತಿ ಆದರೂ ಆಟೋಮ್ಯಾಟಿಕ್ ತೆಗೆದುಕೊಳ್ಳಿ.

ಇನ್ಶೂರೆನ್ಸ್: ಮನೆಯಲ್ಲೇ ಕೂತು ಓದಿ

ನಮ್ಮಲ್ಲಿ ಬಂಪರ್ ಟು ಬಂಪರ್, ಅಂದರೆ ಹೆಚ್ಚುಕಡಿಮೆ ಪೂರ್ತಿ ರಿಪೇರಿ ಖರ್ಚು ಕೊಡುವ ಇನ್ಶೂರೆನ್ಸ್ ಮಾಡಿಸಿ ರೂಢಿಯಾದವರು ವಿದೇಶದಲ್ಲೂ 'ಇನ್ಶೂರೆನ್ಸ್ ಇದೆ' ಅಂದ ಕೂಡಲೇ ನಿಶ್ಚಿಂತರಾಗಿಬಿಡುತ್ತಾರೆ. ಅಲ್ಲೇ ಎಡವುವುದು. ಬಾಡಿಗೆಯ ಜೊತೆ ಬರುವ ರಕ್ಷಣೆಗೆ ಸಾಮಾನ್ಯವಾಗಿ 'ಎಕ್ಸೆಸ್' ಅಂತ ಒಂದು ಮೊತ್ತ ಇರುತ್ತದೆ. ಎಕ್ಸೆಸ್ 1,500 ಯೂರೋ ಎಂದು ಬರೆದಿದ್ದರೆ, ಕಾರಿಗೆ ಪೆಟ್ಟಾದಾಗ ಅಷ್ಟರವರೆಗಿನ ಖರ್ಚು ನಿಮ್ಮದೇ. ತಪ್ಪು ಯಾರದೇ ಇರಲಿ, ಮೊದಲು ನಿಮ್ಮ ಕಾರ್ಡಿನಿಂದಲೇ ಹಣ ಹೋಗುವುದು. ಜೊತೆಗೆ ಟೈರು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ ಇವನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ.

ಆಯಾ ದೇಶದ ಷರತ್ತುಗಳೂ ಇರುತ್ತವೆ. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಓಡಿಸಿದ ಧೈರ್ಯದಲ್ಲಿ ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಗೆ ಇಳಿದರೆ ಬಾಡಿಗೆ ಕಾರಿನ ರಕ್ಷಣೆ ಅಲ್ಲಿಗೆ ಮುಗಿಯಿತು. ಐಸ್‌ಲ್ಯಾಂಡಿನಲ್ಲಿ 'ಎಫ್' ಅಕ್ಷರದ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಇಲ್ಲದ ಕಾರು ಹೋಗುವಂತೆಯೇ ಇಲ್ಲ. ಅಲ್ಲಿ ಗಾಳಿಗೆ ಬಾಗಿಲು ಹಿಂದಕ್ಕೆ ಹೊಡೆದುಕೊಂಡು ಮುರಿದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಸಿಗುವುದಿಲ್ಲ. ಒಂದು ಕೈಯಲ್ಲಿ ಬಾಗಿಲು ಗಟ್ಟಿಯಾಗಿ ಹಿಡಿದೇ ಇಳಿಯಬೇಕು.

ಮನೆಯವರನ್ನು ಕರೆದುಕೊಂಡು ಹೋಗುವಾಗ ಎಕ್ಸೆಸ್ ಸೊನ್ನೆಗೆ ಇಳಿಸುವ ರಕ್ಷಣೆ ಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದನ್ನು ಬುಕಿಂಗ್ ಸಮಯದಲ್ಲೇ ತೀರ್ಮಾನಿಸಿ. ರಾತ್ರಿಯಿಡೀ ನಿದ್ದೆಗೆಟ್ಟು ಕೌಂಟರ್‌ನಲ್ಲಿ ನಿಂತಾಗ ಏನು ಹೇಳಿದರೂ ಸಹಿ ಹಾಕಿಬಿಡುತ್ತೇವೆ. ಸ್ವೈಪ್ ಮಾಡುವಾಗ ರೂಪಾಯಿಯಲ್ಲೋ ಅಲ್ಲಿನ ಹಣದಲ್ಲೋ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಅಂದರೆ ಪರಿವರ್ತನೆಯ ದರ ಅವರಿಟ್ಟದ್ದೇ.

ಕೀ ಸಿಕ್ಕ ಮೇಲೆ ಹತ್ತು ನಿಮಿಷ

ಆಮೇಲೊಮ್ಮೆ ಜರ್ಮನಿಯಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಕಾರು ತೆಗೆದುಕೊಂಡೆವು. "ಅಣ್ಣ, ಟಾರ್ಚ್ ಹಾಕು" ಅಂತ ಅವನು ಪಾರ್ಕಿಂಗ್‌ನ ಅರೆಗತ್ತಲಲ್ಲಿ ಮಂಡಿಯೂರಿ ಕೂತ. ಎಡಗಡೆ ಹಿಂದಿನ ಚಕ್ರದ ರಿಮ್ ಅಂಚಿನಲ್ಲಿ ಉಗುರಿನಷ್ಟು ಉದ್ದದ ಗೀರು. ನಮಗೆ ಕೊಟ್ಟ ಹಾಳೆಯಲ್ಲಿ ಅದು ಇರಲಿಲ್ಲ. ವಾಪಸ್ ಹೋಗಿ ಬರೆಸಿ, ಸಹಿ ಹಾಕಿಸಿಕೊಂಡೇ ಬಂದ. ಕಾರು ಹಿಂತಿರುಗಿಸುವಾಗ ಅಲ್ಲಿದ್ದವರು ಬಗ್ಗಿ ಮೊದಲು ನೋಡಿದ್ದು ಅದೇ ಚಕ್ರವನ್ನು.

ನೀವೂ ಸುತ್ತ ಒಂದು ವಿಡಿಯೊ ತೆಗೆಯಿರಿ. ಬಂಪರ್ ಮೂಲೆ, ರಿಮ್‌ಗಳು, ಮುಂದಿನ ಗಾಜಿನ ಸಣ್ಣ ಚುಕ್ಕೆ, ಇಂಧನದ ಮುಳ್ಳು, ಓಡಿದ ಕಿಲೋಮೀಟರ್ ಎಲ್ಲ ಅದರಲ್ಲಿ ಬರಲಿ.

ರಸ್ತೆಗೆ ಇಳಿದ ಮೇಲೆ

ಇಂಗ್ಲೆಂಡ್, ಆಸ್ಟ್ರೇಲಿಯಾ, ಜಪಾನ್, ಥಾಯ್ಲೆಂಡ್‌ಗಳಲ್ಲಿ ನಮ್ಮ ಹಾಗೆ ಎಡಬದಿ. ಅಮೆರಿಕ, ದುಬೈ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಬಲಬದಿ. ಬಲಬದಿಯ ದೇಶಗಳಲ್ಲಿ ನಮಗೆ ಅಪಾಯ ಇರುವುದು ವಾಹನ ತುಂಬಿದ ಹೈವೇಯಲ್ಲಿ ಅಲ್ಲ, ಅಲ್ಲಿ ಮುಂದಿನವರನ್ನು ನೋಡಿಕೊಂಡು ಹೋಗಬಹುದು. ಬೆಳಗ್ಗೆ ಪೆಟ್ರೋಲ್ ಬಂಕ್‌ನಿಂದ ಖಾಲಿ ರಸ್ತೆಗೆ ಹೊರಳುವಾಗ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಜೋರಾಗಿ "ಬಲಕ್ಕೆ" ಅನ್ನಲಿ. ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ ಬರುವುದರಿಂದ ಮಾರುತಿ ಓಡಿಸಿದ ಕೈ ತಿರುವಿನಲ್ಲಿ ವೈಪರ್ ಹಾಕಿಬಿಡುತ್ತದೆ. ಹೊರಡುವ ಮುಂಚೆ ಪಾರ್ಕಿಂಗ್‌ನಲ್ಲೇ ನಾಲ್ಕು ಸುತ್ತು ಹಾಕಿ ನೋಡಿ.

ಇಂಗ್ಲೆಂಡಿನಲ್ಲಿ ವೇಗದ ಬೋರ್ಡ್ ಮೈಲಿಯಲ್ಲಿರುತ್ತದೆ. 30 ಅಂದರೆ ಸುಮಾರು 48 ಕಿಲೋಮೀಟರ್.

ಇಂಧನದ ವಿಷಯದಲ್ಲಿ ಹೆಸರು ಮೋಸ ಮಾಡುತ್ತದೆ. ಸ್ಪೇನಿನಲ್ಲಿ 'ಗ್ಯಾಸೊಲಿನಾ' ಪೆಟ್ರೋಲ್, 'ಗ್ಯಾಸೊಲಿಯೊ' ಡೀಸೆಲ್. ಫ್ರಾನ್ಸಿನಲ್ಲಿ ಡೀಸೆಲ್‌ಗೆ 'ಗ್ಯಾಝೋಲ್' ಅನ್ನುತ್ತಾರೆ. 2018ರಿಂದ ಯುರೋಪಿನಲ್ಲಿ ಒಂದು ಸುಲಭದ ಗುರುತು ಬಂದಿದೆ: ಪೆಟ್ರೋಲ್‌ಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲ್‌ಗೆ ಚೌಕದೊಳಗೆ ಬಿ7. ಟ್ಯಾಂಕ್ ಮುಚ್ಚಳದ ಒಳಗೂ ಅದೇ ಗುರುತು ಇರುತ್ತದೆ, ಹೊಂದಿಸಿ ಹಾಕಿಸಿ.

ಇಟಲಿಯ ಹಳೆ ಪಟ್ಟಣಗಳಲ್ಲಿ 'ಝಡ್‌ಟಿಎಲ್' ಎಂಬ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ, ಅದು ಅನುಮತಿ ಇರುವ ವಾಹನಗಳಿಗೆ ಮಾತ್ರ. ಯಾರೂ ತಡೆಯುವುದಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ದಂಡದ ನೋಟಿಸ್ ಕಾರಿನ ಕಂಪನಿಗೆ ಹೋಗಿ, ಅವರು ನಿಮ್ಮ ವಿಳಾಸ ಕೊಟ್ಟು, ಆ ಕೆಲಸಕ್ಕೂ ಬೇರೆ ಶುಲ್ಕ ಹಾಕುತ್ತಾರೆ. ನೀವು ಊರಿಗೆ ಬಂದು ತಿಂಗಳುಗಳಾದ ಮೇಲೂ ಕಾರ್ಡಿನಿಂದ ಹಣ ಕಡಿತವಾಗಬಹುದು.

ಕಾರು ಒಪ್ಪಿಸುವಾಗ ಕಚೇರಿ ತೆರೆದಿರುವ ಹೊತ್ತಿಗೇ ಹೋಗಿ, ಟ್ಯಾಂಕ್ ತುಂಬಿಸಿದ ರಸೀದಿ ಇಟ್ಟುಕೊಳ್ಳಿ, ಇನ್ನೊಮ್ಮೆ ವಿಡಿಯೊ ತೆಗೆಯಿರಿ. 'ಹೊಸ ಪೆಟ್ಟು ಇಲ್ಲ' ಅಂತ ಬರೆಸಿಕೊಳ್ಳಿ. ಫೋನಿನಲ್ಲಿ ಜಾಗ ಸಾಲದು ಅಂತ ಆ ಎರಡು ವಿಡಿಯೊಗಳನ್ನು ಮಾತ್ರ ಆರು ತಿಂಗಳು ಅಳಿಸಬೇಡಿ. ಬ್ಯಾಂಕಿಗೆ ದೂರು ಕೊಡಬೇಕಾಗಿ ಬಂದರೆ ಮೊದಲು ಕೇಳುವುದೇ ಅದನ್ನು.