ಸಂಪ್ ರಿಪೇರಿಗೆ ನಂಬಿಕಸ್ಥ ಕಂಟ್ರಾಕ್ಟರ್ ಹುಡುಕುವುದು ಹೇಗೆ?

ಸಂಪ್ ಸೋರುತ್ತಿದೆ ಅಂತ ಅನುಮಾನ ಬಂದ ತಕ್ಷಣ ಬೆಂಗಳೂರಿನ ಮನೆಗಳಲ್ಲಿ ಆಗುವುದು ಒಂದೇ. ಮೂರು ಜನರನ್ನು ಕರೆಸುತ್ತಾರೆ, ರೇಟ್ ಕೇಳುತ್ತಾರೆ, ಕಡಿಮೆ ಹೇಳಿದವರಿಗೆ ಕೆಲಸ ಕೊಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೋರದಂತೆ ಒಳಗೋಡೆಗೆ ಬಳಿದ ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ನಮ್ಮ ಬಡಾವಣೆಯಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಎಲ್ಲಿ ಸೋರುತ್ತಿದೆ ಎಂದು ಮನೆಯವರಿಗೇ ಗೊತ್ತಿಲ್ಲದಿದ್ದರೆ, ಬಂದವನು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಕಂಟ್ರಾಕ್ಟರ್ ಹುಡುಕುವ ಕೆಲಸ ಫೋನಿನಿಂದ ಶುರುವಾಗಬಾರದು, ಅಳತೆ ಟೇಪಿನಿಂದ ಶುರುವಾಗಬೇಕು.

ಹಂತ 1: ಯಾರನ್ನೂ ಕರೆಯುವ ಮೊದಲು ನೀವೇ ಅಳೆಯಿರಿ

ಈ ಹಂತವನ್ನು ಬಿಟ್ಟವರೇ ಜಾಸ್ತಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೇಲಿನ ಟ್ಯಾಂಕ್ ತುಂಬಿಸಿಕೊಳ್ಳಿ. ಸಂಪ್ ಕೂಡ ಪೂರ್ತಿ ತುಂಬಲಿ. ಆಮೇಲೆ ಕಾವೇರಿ ನೀರು ಬರುವ ಪೈಪಿನ ವಾಲ್ವ್ ಬಂದ್ ಮಾಡಿ. ಸಂಪ್ ತುಂಬಿದಾಗ ತಾನಾಗಿ ನೀರು ನಿಲ್ಲಿಸುವ ಬಾಲ್ ವಾಲ್ವ್ ನಂಬಿ ಕೂರಬೇಡಿ. ಅದು ಹನಿ ಹನಿ ಬಿಡುತ್ತಿದ್ದರೆ ಸೋರಿಕೆ ಮುಚ್ಚಿಹೋಗುತ್ತದೆ. ಹೊರಗೆ ವಾಲ್ವ್ ಇಲ್ಲದಿದ್ದರೆ ನೀರು ಬಿಡದ ದಿನ ನೋಡಿಕೊಂಡು ಈ ಪರೀಕ್ಷೆ ಮಾಡಿ. ಪಂಪಿನ ಸ್ವಿಚ್ ಮಾತ್ರವಲ್ಲ, ಕರೆಂಟ್ ಬೋರ್ಡಿನಲ್ಲಿರುವ ಅದರ ಎಂಸಿಬಿಯನ್ನೂ (ಮುಖ್ಯ ಸ್ವಿಚ್) ಇಳಿಸಿ. ಮನೆಯಲ್ಲಿ ಯಾರಾದರೂ ಮರೆತು ಪಂಪ್ ಹಾಕಿದರೆ ಲೆಕ್ಕವೆಲ್ಲ ಹಾಳು.

ಈಗ ಮುಚ್ಚಳದ ಅಂಚಿನಿಂದ ನೀರಿನ ಮಟ್ಟಕ್ಕೆ ಎಷ್ಟು ಇಂಚು ಎಂದು ಅಳೆದು ಬರೆದಿಡಿ. ಅಳೆದ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಮುಚ್ಚಳ ಮುಚ್ಚಿ. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 8 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ ಒಂದು ಇಂಚು ಇಳಿದರೆ ಸುಮಾರು 113 ಲೀಟರ್ ಹೋಯಿತು ಎಂದರ್ಥ. ದಿನಕ್ಕೆ ಒಂದಿಂಚು ಅಂದರೆ ತಿಂಗಳಿಗೆ ಸುಮಾರು 3,400 ಲೀಟರ್. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಅಷ್ಟು ನೀರಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ದಿನಕ್ಕೆ ನಿಲ್ಲಿಸಬೇಡಿ. ಮೇಲಿನ ಟ್ಯಾಂಕಿನ ನೀರು ಸಾಕಾಗುವಷ್ಟು ದಿನ, ಸಾಧ್ಯವಾದರೆ ಮೂರ್ನಾಲ್ಕು ದಿನ, ಮಟ್ಟ ಬರೆಯುತ್ತಾ ಹೋಗಿ. ಇಳಿಯುತ್ತಾ ಇಳಿಯುತ್ತಾ ಒಂದು ಮಟ್ಟದಲ್ಲಿ ನೀರು ನಿಂತುಬಿಟ್ಟರೆ ತೂತು ಅದೇ ಎತ್ತರದಲ್ಲಿದೆ. ಎಷ್ಟೋ ಸಲ ಅದು ಗೋಡೆಯಲ್ಲಿ ಪೈಪ್ ತೂರಿಸಿದ ಜಾಗವೇ ಆಗಿರುತ್ತದೆ. ಆ ಪೈಪಿನ ಸುತ್ತ ಕೊಚ್ಚಿ ಸರಿಯಾಗಿ ತುಂಬಿಸಿದರೆ ಸಾಕು, ಇಡೀ ಸಂಪಿಗೆ ಕೋಟಿಂಗ್ ಬೇಕಿಲ್ಲ. ತಳ ಕಾಣುವವರೆಗೂ ಇಳಿಯುತ್ತಲೇ ಇದ್ದರೆ ಸೋರಿಕೆ ನೆಲದಲ್ಲೋ, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲೋ ಇದೆ.

ಮಟ್ಟ ಏರಿದರೆ? ಅದು ಸೋರಿಕೆಗಿಂತ ಕೆಟ್ಟದ್ದು. ಹೊರಗಿನ ನೀರು ಒಳಗೆ ಬರುತ್ತಿದೆ. ಪಕ್ಕದಲ್ಲಿ ಒಳಚರಂಡಿಯ ಚೇಂಬರ್ ಇದೆಯೇ ನೋಡಿ. ನೀರಿಗೆ ಕೊಳಚೆ ಸೇರಿದೆಯೇ ಎಂದು ನೋಡುವ ಎಚ್2ಎಸ್ ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಸಂಪಿನ ನೀರು ತುಂಬಿಸಿಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿಗೆ ಕೊಳಚೆ ಸೇರಿದೆ ಎಂದೇ ತಿಳಿಯಿರಿ. ರಿಪೇರಿ ಆಗುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಚೇಂಬರ್ ಸರಿಮಾಡದೆ ಸಂಪಿಗೆ ಮಾತ್ರ ಕೋಟಿಂಗ್ ಬಳಿಸುವುದು ಸುಮ್ನೆ ದುಡ್ಡು ದಂಡ.

ಹಂತ 2: ಸಮಯ ನೋಡಿಕೊಳ್ಳಿ

ಜನವರಿ, ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ನೆಲದೊಳಗಿನ ನೀರು ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ, ಹಸಿ ಕೋಟಿಂಗ್ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ನೀರಿನ ಪರದಾಟ. ಕೆಲಸ ಮುಗಿದು ಒಣಗಲು ಒಂದು ವಾರಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಲ್ಲಿಯವರೆಗೆ 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಒಂದನ್ನು ನೆಲದ ಮೇಲಿಟ್ಟು ಪಂಪ್ ಅದಕ್ಕೆ ಜೋಡಿಸಿಕೊಳ್ಳಿ.

ಹಂತ 3: ಹೆಸರು ಹುಡುಕುವುದು

ಹಾರ್ಡ್‌ವೇರ್ ಅಂಗಡಿಯವರು "ನಮ್ಮ ಹುಡುಗ ಇದ್ದಾನೆ" ಅಂದರೆ ನಂಬರ್ ತೆಗೆದುಕೊಳ್ಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಎರಡು ಮಳೆಗಾಲ ಕಂಡ ಕೆಲಸ ಯಾವ ಮನೆಯಲ್ಲಿದೆ ಎಂದು ಕೇಳಿ. ಹೋದ ತಿಂಗಳು ಮುಗಿಸಿದ ಸಂಪಿನ ಫೋಟೊ ಏನೂ ಹೇಳುವುದಿಲ್ಲ. ಹೊಸದರಲ್ಲಿ ಎಲ್ಲ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಆ ಮನೆಗೆ ಹೋಗಿ ಕೇಳಬೇಕಾದ್ದು ಇಷ್ಟು: ಮಾತಾಡಿದವನೇ ನಿಂತು ಕೆಲಸ ಮಾಡಿಸಿದನಾ, ಇಲ್ಲ ಬೇರೆಯವರಿಗೆ ವಹಿಸಿದನಾ? ಕೊನೆಗೆ ಕೊಟ್ಟ ದುಡ್ಡು ಮೊದಲು ಹೇಳಿದ್ದಕ್ಕಿಂತ ಎಷ್ಟು ಜಾಸ್ತಿ? ಆಮೇಲೆ ತೊಂದರೆ ಬಂದಾಗ ಫೋನ್ ತೆಗೆದನಾ? ನನ್ನನ್ನು ಕೇಳಿದರೆ ಮೂರನೆಯದಕ್ಕೇ ಹೆಚ್ಚು ತೂಕ.

ದೊಡ್ಡ ಕಂಪನಿಯ ಬೋರ್ಡ್‌ಗಿಂತ, ಒಂದೇ ತಂಡ ಇಟ್ಟುಕೊಂಡು ವರ್ಷಗಟ್ಟಲೆ ಇದೇ ಕೆಲಸ ಮಾಡುತ್ತಿರುವ ಮೇಸ್ತ್ರಿ ನನಗೆ ಇಷ್ಟ. ಅಂಥವರು ಸಿಕ್ಕರೆ ಒಂದು ವಾರ ಕಾಯಬೇಕಾದರೂ ಕಾಯಿರಿ.

ಹಂತ 4: ನೋಡಲು ಬಂದಾಗ ಗಮನಿಸಿ

ಮುಚ್ಚಳ ತೆಗೆದು ಮೇಲಿನಿಂದ ಇಣುಕಿ ಅಲ್ಲೇ ರೇಟ್ ಹೇಳುವವರನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಕೆಲಸ ಗೊತ್ತಿರುವವರು ಮೊದಲು ಪ್ರಶ್ನೆ ಕೇಳುತ್ತಾರೆ. ಸಂಪ್ ಎಷ್ಟು ಹಳೆಯದು? ಗೋಡೆ ಸೈಜುಗಲ್ಲಿನದಾ, ಸಾಲಿಡ್ ಬ್ಲಾಕಾ, ಕಾಂಕ್ರೀಟಾ? ಹತ್ತಿರ ಮರ ಇದೆಯಾ, ಚೇಂಬರ್ ಎಲ್ಲಿದೆ? ಆಮೇಲೆ ಖಾಲಿ ಸಂಪಿನ ಗೋಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡುತ್ತಾರೆ. ಟೊಳ್ಳು ಶಬ್ದ ಬಂದ ಕಡೆ ಗಾರೆ ಗೋಡೆಯಿಂದ ಬಿಟ್ಟಿದೆ. ಅದನ್ನು ಕೊಚ್ಚಿ ತೆಗೆಯದೆ ಮೇಲೆ ಎಷ್ಟೇ ಬೆಲೆಯ ಕೋಟಿಂಗ್ ಬಳಿದರೂ ಗಾರೆಯ ಜೊತೆಗೇ ಅದೂ ಬೀಳುತ್ತದೆ. ಟಾರ್ಚ್ ಹಾಕಿ ಮೇಲಿನ ಸ್ಲ್ಯಾಬಿನ ಅಡಿಭಾಗ ನೋಡುವವರು ಇನ್ನೂ ಒಳ್ಳೆಯವರು. ಸಂಪಿನ ಹಬೆಗೆ ಅಲ್ಲಿನ ಕಂಬಿ ತುಕ್ಕು ಹಿಡಿದು ಸಿಮೆಂಟ್ ಉದುರುತ್ತಿರುತ್ತದೆ, ಮನೆಯವರು ಅದನ್ನು ನೋಡಿಯೇ ಇರುವುದಿಲ್ಲ.

ಬ್ಲಾಕ್ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿದ್ದರೆ "ಇದಕ್ಕೆ ಕೋಟಿಂಗ್ ಸಾಲದು, ಒಳಗಡೆ ಕಾಂಕ್ರೀಟ್ ಗೋಡೆ ಎತ್ತಬೇಕು" ಎಂದು ಹೇಳುವವರು ಸಿಗಬಹುದು. ಖರ್ಚು ಜಾಸ್ತಿ ಎಂದು ಅವರನ್ನು ಅನುಮಾನಿಸಬೇಡಿ. ಕೆಲಸಕ್ಕೆ ಬಾರದ್ದನ್ನು ಬೇಡ ಎಂದು ಹೇಳುವ ಧೈರ್ಯ ಅವರಿಗಿದೆ. ಎರಡನೆಯವರನ್ನು ಕರೆಸಿ ಖಚಿತ ಮಾಡಿಕೊಳ್ಳಿ.

ಒಂದು ಪ್ರಶ್ನೆ ನೀವೂ ಕೇಳಿ: "ಕೋಟಿಂಗ್ ಆದ ಮೇಲೆ ನೀರು ಚಿಮುಕಿಸಬೇಕಾ, ಬೇಡ್ವಾ?" ಪುಡಿ ಮತ್ತು ಲಿಕ್ವಿಡ್ ಕಲಸಿ ಬಳಿಯುವ ಪಾಲಿಮರ್ ಕೋಟಿಂಗ್ ಗಾಳಿಗೆ ಒಣಗಬೇಕು. ಗೋಡೆಯ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ನೀರು ತಡೆಯುವ ಕ್ರಿಸ್ಟಲೈನ್ ಕೋಟಿಂಗ್ ಆದರೆ ಕೆಲವು ದಿನ ತೇವ ಇಡಲೇಬೇಕು. ಎರಡಕ್ಕೂ ಒಂದೇ ಉತ್ತರ ಕೊಟ್ಟವರಿಗೆ ತಾವು ಬಳಿಯುವ ಮಾಲು ಏನೆಂದೇ ಗೊತ್ತಿಲ್ಲ.

ಹಂತ 5: ಕೊಟೇಶನ್ ಓದುವುದು

"ಸಂಪ್ ವಾಟರ್‌ಪ್ರೂಫಿಂಗ್, ಒಟ್ಟು ಇಷ್ಟು" ಎಂಬ ಒಂದು ಸಾಲಿನ ಚೀಟಿ ಒಪ್ಪಬೇಡಿ. ಚದರಡಿ ನೀವೇ ಲೆಕ್ಕ ಹಾಕಿ. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪಿಗೆ ನಾಲ್ಕು ಗೋಡೆ ಸೇರಿ 168 ಚದರಡಿ, ನೆಲ 48, ಒಟ್ಟು 216. ಚೀಟಿಯಲ್ಲಿ 350 ಅಂತ ಇದ್ದರೆ ಯಾಕೆಂದು ಕೇಳಿ.

ಹಳೆ ಗಾರೆ ಕೊಚ್ಚುವುದು, ಮೂಲೆಗಳನ್ನು ಗಾರೆಯಿಂದ ಗುಂಡಗೆ ತುಂಬುವುದು, ಪೈಪಿನ ಸುತ್ತ ತುಂಬಿಸುವುದು, ಎಷ್ಟು ಕೋಟ್, ಎಷ್ಟು ಗಂಟೆ ಬಿಟ್ಟು ಎರಡನೆಯದು, ಇವೆಲ್ಲ ಬೇರೆ ಬೇರೆಯಾಗಿ ಬರೆದಿರಬೇಕು. ರೇಟ್ ಕಡಿಮೆ ಹೇಳುವವರು ಮೊದಲು ಕೈಬಿಡುವುದು ಕೊಚ್ಚುವ ಕೆಲಸವನ್ನೇ. ಎರಡನೇ ಕೋಟನ್ನು ಮೊದಲಿನದಕ್ಕೆ ಅಡ್ಡಲಾಗಿ ಎಳೆಯಬೇಕು, ಇದನ್ನೂ ಬರೆಸಿ.

ಮಾಲಿನ ಕಂಪನಿ, ಹೆಸರು, ಎಷ್ಟು ಕಿಲೋ ಎಂದು ಬರೆಸಿಕೊಳ್ಳಿ. ಒಂದು ಕಿಲೋಗೆ ಎಷ್ಟು ಚದರಡಿ ಎಂಬುದು ಕಂಪನಿಯ ಮಾಹಿತಿ ಹಾಳೆಯಲ್ಲಿರುತ್ತದೆ. ಸೀಲ್ ಒಡೆಯುವುದು ನಿಮ್ಮ ಮನೆಯಲ್ಲೇ ಆಗಲಿ. ಕುಡಿಯುವ ನೀರಿನ ಟ್ಯಾಂಕಿಗೆ ಹಾಕಬಹುದು ಎಂಬ ಪ್ರಮಾಣಪತ್ರ ಕೇಳಿ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಪರೀಕ್ಷೆ ಮಾಡಿಸಿದ ಪತ್ರ ಕೆಲವು ಕಂಪನಿಗಳ ಬಳಿ ಇರುತ್ತದೆ. ತಾರಸಿಗೆ ಬಳಿಯುವ ಬಿಳಿ ಕೋಟಿಂಗನ್ನು ಸಂಪಿಗೆ ಬಳಿಯುವವರಿದ್ದಾರೆ. ಅದು ಸದಾ ನೀರಲ್ಲಿ ಮುಳುಗಿರಲು ಮಾಡಿದ್ದಲ್ಲ. ಟಾರು ಅಂತೂ ಕುಡಿಯುವ ನೀರಿನ ಹತ್ತಿರ ಸುಳಿಯಲೇಬಾರದು. ಬರೀ ಸಿಮೆಂಟ್ ಹಾಲು ಬಳಿಸಿ ವಾಟರ್‌ಪ್ರೂಫಿಂಗ್ ಎಂದು ಕರೆಯುವುದು ಮೋಸ. ಟೈಲ್ಸ್ ಹಾಕಿದರೆ ಸೋರುವುದಿಲ್ಲ ಎಂಬ ಮಾತೂ ಸುಳ್ಳು. ಟೈಲ್ಸ್ ತೊಳೆಯಲು ಸುಲಭ, ಅಷ್ಟೇ. ಬೇಕಿದ್ದರೆ ಕೋಟಿಂಗ್ ಮಾಡಿಸಿ, ನೀರು ನಿಲ್ಲಿಸಿ ನೋಡಿದ ಮೇಲೆ ಹಾಕಿಸಿ.

10 ವರ್ಷದ ಗ್ಯಾರಂಟಿ ಬಾಯಲ್ಲಿ ಬೇಡ. ಏನು ಕೆಟ್ಟರೆ ಏನು ಮಾಡಿಕೊಡುತ್ತೇನೆ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಲಿ. ಬಿಲ್ ಇದ್ದರೆ ತಕರಾರು ಬಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಹಂತ 6: ಕೆಲಸದ ದಿನ

ಇದರಲ್ಲಿ ಯಾವ ರಾಜಿಯೂ ಬೇಡ. ಸಂಪಿನೊಳಗೆ ಉಸಿರುಗಟ್ಟಿ ಕಾರ್ಮಿಕರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹಿಂದಿನ ದಿನವೇ ಮುಚ್ಚಳ ತೆಗೆದಿಡಿ, ಸುತ್ತ ತಡೆ ಕಟ್ಟಿ, ಮಕ್ಕಳನ್ನು ದೂರವಿಡಿ. ಇಳಿಯುವ ಮೊದಲೂ, ಕೆಲಸದುದ್ದಕ್ಕೂ ಬ್ಲೋವರ್‌ನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತಿರಲಿ. ಡೀಸೆಲ್ ಪಂಪ್ ಆಗಲಿ, ಜನರೇಟರ್ ಆಗಲಿ ಒಳಗೆ ಇಳಿಸಲು, ಬಾಯಿಯ ಹತ್ತಿರ ಇಡಲು ಬಿಡಬೇಡಿ. ದೀಪ ಹಚ್ಚಿ ಇಳಿಸಿ ನೋಡುವ ಹಳೆಯ ಪರೀಕ್ಷೆಯಲ್ಲಿ ವಿಷದ ಗಾಳಿ ಗೊತ್ತಾಗುವುದಿಲ್ಲ. ಒಳಗಿರುವವನ ಮೈಗೆ ಹಗ್ಗ ಕಟ್ಟಿದ ಸೇಫ್ಟಿ ಹಾರ್ನೆಸ್ (ಎದೆ, ತೊಡೆ ಸುತ್ತುವ ಪಟ್ಟಿ), ಮೇಲೆ ಒಬ್ಬ ಕಾವಲು ಇರಲೇಬೇಕು. ಒಳಗೆ ಯಾರಾದರೂ ಕುಸಿದರೆ ಇನ್ನೊಬ್ಬರು ಹಾಗೇ ಧುಮುಕಬಾರದು, 112ಕ್ಕೆ ಕರೆ ಮಾಡಿ. ಸಬ್‌ಮರ್ಸಿಬಲ್ ಪಂಪಿನ ವೈರ್ ಬಿಚ್ಚಿಸಿ. ಇದಕ್ಕೆಲ್ಲ "ನಾವು ದಿನಾ ಇಳೀತೀವಿ ಸಾರ್, ಏನೂ ಆಗಲ್ಲ" ಎನ್ನುವ ಕಂಟ್ರಾಕ್ಟರ್ ಎಷ್ಟೇ ಅಗ್ಗವಾದರೂ ಬೇಡ.

ಹಂತ 7: ದುಡ್ಡು

ಮಾಲು ಮನೆಗೆ ಬಂದಾಗ ಕಾಲು ಭಾಗ, ಕೋಟಿಂಗ್ ಮುಗಿದಾಗ ಅರ್ಧ. ಉಳಿದದ್ದನ್ನು ಹಿಡಿದಿಡಿ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆದ ಮೇಲೆ ಸಂಪ್ ತೊಳೆಸಿ, ಒಮ್ಮೆ ತುಂಬಿಸಿ ಆ ನೀರನ್ನು ಗಿಡಗಳಿಗೆ ಬಿಡಿ. ಮತ್ತೆ ತುಂಬಿಸಿ, ಮೊದಲ ಹಂತದಲ್ಲಿ ಅಳೆದ ಹಾಗೆಯೇ ಅಳೆಯಿರಿ. ಹೊಸ ಗಾರೆ ಸ್ವಲ್ಪ ನೀರು ಕುಡಿಯುತ್ತದೆ, ಆದ್ದರಿಂದ ಮೊದಲ ದಿನದ ಅಳತೆ ಲೆಕ್ಕಕ್ಕೆ ಬೇಡ. ಆಮೇಲಿನ ಎರಡು ದಿನ ಮಟ್ಟ ಕದಲದಿದ್ದರೆ ಬಾಕಿ ಕೊಡಿ. ಮೇಸ್ತ್ರಿ ಮನೆಯಲ್ಲಿರುವಾಗಲೇ ಸಂಪಿನ ಬಾಯಿಯ ಅಂಚನ್ನು ಅಂಗಳದ ಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿ ಕಟ್ಟಿಸಿಕೊಳ್ಳಿ. ಜೋರು ಮಳೆಗೆ ಅಂಗಳದ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯುವುದು ಅದರಿಂದ ತಪ್ಪುತ್ತದೆ.