ಧ್ವನಿ ಒಡೆದ ಹುಡುಗರನ್ನೂ ಬಿಡದೆ ಹಾಡಿಸಿದ ವರ್ಷ

ನಾನು ಹೈಸ್ಕೂಲಿನಲ್ಲಿ ಸಂಗೀತ ಕಲಿಸುತ್ತೇನೆ. ಈ ವರ್ಷ ಗಾಯನ ತಂಡ, ವಾದ್ಯ ತಂಡ ಎರಡೂ ನನ್ನ ಕೈಯಲ್ಲಿದ್ದವು, ಜೊತೆಗೆ ಶಾಲೆಯ ಎಲ್ಲ ಕ್ಲಬ್‌ಗಳ ಟೈಂಟೇಬಲ್ ಹೊಂದಿಸುವ ಕೆಲಸವೂ ನನಗೇ ಬಂತು. ವರ್ಷ ಶುರುವಾಗುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ: ಹಾಡ್ತೀನಿ ಅಂತ ಬಂದ ಯಾವ ಮಗುವನ್ನೂ ವಾಪಸ್ ಕಳಿಸಬಾರದು. ಬಂದಿರುವ ಮಕ್ಕಳಿಗೆ ತಕ್ಕ ಹಾಗೆ ಹಾಡನ್ನು ಹೊಂದಿಸಬೇಕು. ಹೇಳೋಕೆ ಒಂದು ಸಾಲು, ಮಾಡೋಕೆ ವರ್ಷಪೂರ್ತಿ ಕೆಲಸ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗ ಆಗಬಹುದು.

ಆಡಿಷನ್ ಇಡಲಿಲ್ಲ. ಅದರ ಬದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಧ್ವನಿ ನೋಡಿದೆ. ಮೊದಲಿಗೆ ಹಾಡು ಅಂತ ಕೇಳುವುದೇ ಇಲ್ಲ, ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಅನ್ನುತ್ತೇನೆ. ಹಿಂದಕ್ಕೆ ಎಣಿಸುವಾಗ ಗಮನವೆಲ್ಲ ಲೆಕ್ಕದ ಮೇಲೆ ಇರುತ್ತದೆ, ಹಾಗಾಗಿ ಧ್ವನಿ ಎಲ್ಲಿ ಸಹಜವಾಗಿ ಕೂರುತ್ತೋ ಅಲ್ಲೇ ಕೂತಿರುತ್ತದೆ. ಆ ಮಾತಿನ ಸ್ವರ ಹಾರ್ಮೋನಿಯಂನ ಯಾವ ಮನೆಗೆ ಹತ್ತಿರ ಇದೆ ಅಂತ ಹುಡುಕಿ, ಅಲ್ಲಿಂದ ಒಂದೊಂದೇ ಸ್ವರ ಕೆಳಗೆ ಇಳಿಸುತ್ತೇನೆ, ಆಮೇಲೆ ಮೇಲಕ್ಕೆ. ಕತ್ತು ಮುಂದೆ ಚಾಚಿದರು, ಗದ್ದ ಮೇಲೆತ್ತಿದರು ಅಂದ್ರೆ ಗಂಟಲು ಬಿಗಿಯುತ್ತಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಸಾಲು. ಹೆಸರು, ತಾರೀಖು, ಆರಾಮಾಗಿ ಇಳಿಯುವ ಕೊನೆಯ ಸ್ವರ, ಆರಾಮಾಗಿ ಏರುವ ಕೊನೆಯ ಸ್ವರ. ಇದರಲ್ಲಿ ತಾರೀಖು ಮರೆಯಲೇಬಾರದು, ಯಾಕಂದ್ರೆ ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೆ ಧ್ವನಿ ಬೇರೆಯೇ ಆಗಿಬಿಡುತ್ತದೆ. ವರ್ಷದ ಮಧ್ಯದಲ್ಲಿ ಮತ್ತೆ ಎಲ್ಲರನ್ನೂ ಕೂರಿಸಿಕೊಂಡು ಹೊಸ ಸಾಲು ಬರೆದೆ.

ಹುಡುಗರಿಗೆ ಸಾಮಾನ್ಯವಾಗಿ 12ರಿಂದ 15 ವರ್ಷದ ಒಳಗೆ ಧ್ವನಿ ಒಡೆಯುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ಧ್ವನಿತಂತುಗಳು ಉದ್ದ ಆಗಿ ದಪ್ಪ ಆಗುತ್ತವೆ, ಮಾತಿನ ಸ್ವರ ಹೆಚ್ಚುಕಮ್ಮಿ ಒಂದು ಸ್ಥಾಯಿ, ಅಂದ್ರೆ ಒಂದು ‘ಸ’ದಿಂದ ಅದರ ಕೆಳಗಿನ ‘ಸ’ದವರೆಗಿನಷ್ಟು, ಕೆಳಗಿಳಿಯುತ್ತದೆ. ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಅವರದ್ದು ಎರಡು ಮೂರು ಸ್ವರದಷ್ಟು ಮಾತ್ರ ಇಳಿಯುತ್ತದೆ, ಆದರೆ ಕೆಲವು ಕಾಲ ಧ್ವನಿತಂತುಗಳು ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಸೋರುತ್ತದೆ. ಆಗ ಧ್ವನಿ ಪಿಸುಗುಟ್ಟಿದ ಹಾಗೆ ಕೇಳಿಸುತ್ತದೆ. ಅಂಥ ಹುಡುಗಿಗೆ ‘ಜೋರಾಗಿ ಹಾಡು’ ಅಂದ್ರೆ ಗಂಟಲು ಹಿಂಡಿಕೊಂಡು ಹಾಡುವ ಅಭ್ಯಾಸ ಅಂಟಿಕೊಳ್ಳುತ್ತದೆ. ಸುಮ್ನೆ ಕಾಯಬೇಕು, ದಿನವೂ ಸ್ವಲ್ಪ ಸ್ವಲ್ಪ ಹಾಡಿಸುತ್ತಾ ಇರಬೇಕು.

ಹುಡುಗರಲ್ಲಿ ನಿಜವಾದ ಕಷ್ಟ ಇರುವುದು ಮಧ್ಯದ ಹಂತದಲ್ಲಿ. ಅಮೆರಿಕದಲ್ಲಿ ಜಾನ್ ಕುಕ್ಸಿ ಅನ್ನುವ ಸಂಗೀತ ಶಿಕ್ಷಕರು 1970ರ ದಶಕದ ಕೊನೆಯಲ್ಲಿ ಧ್ವನಿ ಒಡೆಯುವುದನ್ನು ಹಂತ ಹಂತವಾಗಿ ವಿಂಗಡಿಸಿ ಬರೆದರು, ಅದನ್ನು ಓದಿದ ಮೇಲೆ ನನ್ನ ಕಣ್ಣೆದುರಿನ ಹುಡುಗರು ನನಗೆ ಸರಿಯಾಗಿ ಅರ್ಥ ಆದರು. ಮೇಲಿನ ಸ್ವರಗಳು ಹೋಗಿರುತ್ತವೆ, ಕೆಳಗಿನವು ಇನ್ನೂ ಬಂದಿರುವುದಿಲ್ಲ, ಆರಾಮಾಗಿ ಹಾಡಬಹುದಾದ ಜಾಗ ತುಂಬ ಇಕ್ಕಟ್ಟು ಆಗಿರುತ್ತದೆ. ಹುಡುಗಿಯರ ಜೊತೆ ಹಾಡಲು ಹೋದರೆ ಮೇಲೆ ಸಿಗುವುದಿಲ್ಲ, ಒಂದು ಸ್ಥಾಯಿ ಕೆಳಗೆ ಹಾಡಲು ಹೋದರೆ ಅಲ್ಲೂ ಸಿಗುವುದಿಲ್ಲ. ಆ ಹುಡುಗನಿಗೆ ಶ್ರುತಿಜ್ಞಾನ ಹೋಗಿರುವುದಿಲ್ಲ, ಹಾಡಿನ ಶ್ರುತಿ ಅವನ ಗಂಟಲಿಗೆ ಹೊಂದುತ್ತಿಲ್ಲ, ಅಷ್ಟೇ. ಇದನ್ನು ಅವನಿಗೆ ಬಿಡಿಸಿ ಹೇಳುವವರು ಯಾರೂ ಇಲ್ಲದಿದ್ದರೆ ‘ನನಗೆ ಹಾಡು ಬರಲ್ಲ’ ಅಂತ ತೀರ್ಮಾನ ಮಾಡಿಕೊಂಡು ಎದ್ದು ಹೋಗುತ್ತಾನೆ, ಮತ್ತೆ ಜೀವನದಲ್ಲಿ ಬಾಯಿ ತೆರೆಯುವುದಿಲ್ಲ. ಇಂಥ ದೊಡ್ಡವರನ್ನು ನಾನು ಎಷ್ಟೋ ಜನ ನೋಡಿದ್ದೇನೆ, ನೀವೂ ನೋಡಿರುತ್ತೀರಿ ಅಲ್ವಾ?

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಹಿಂದಿನ ವರ್ಷ ಪಲ್ಲವಿ ಎತ್ತಿಕೊಡುತ್ತಿದ್ದವನು. ಈ ವರ್ಷ ಹಿಂದಿನ ಸಾಲಿಗೆ ಹೋಗಿ ಬರೀ ತುಟಿ ಆಡಿಸುತ್ತಿದ್ದ. ಕರೆದು ಕೂರಿಸಿಕೊಂಡು ನೋಡಿದೆ. ಮೇಲಿನ ಷಡ್ಜ (ಸ) ಅವನಿಗೆ ಈಗ ಮುಟ್ಟಲೂ ಆಗುತ್ತಿರಲಿಲ್ಲ, ಆದರೆ ಮಧ್ಯದಲ್ಲಿ ಆರು ಸ್ವರ ಗಟ್ಟಿಯಾಗಿ, ದುಂಡಗೆ ಬರುತ್ತಿದ್ದವು. ಆ ಆರು ಸ್ವರದಲ್ಲೇ ಒಂದು ಪಾಲು, ಅಂದ್ರೆ ಉಳಿದವರ ಹಾಡಿನ ಜೊತೆಗೆ ಅವನು ಹಾಡುವ ಬೇರೆ ಸಾಲು, ಬರೆದೆ. ಸಾಲಿನ ಶುರುವಿಗೆ ಸ ಹಿಡಿದು ನಿಲ್ಲುವುದು, ಮಧ್ಯದಲ್ಲಿ ಕೆಳಗಿನ ಪಂಚಮಕ್ಕೆ (ಪ) ಇಳಿಯುವುದು, ಸಾಲು ಮುಗಿಯುವಾಗ ನಿ ಮುಟ್ಟಿ ಮತ್ತೆ ಸಕ್ಕೆ ಬರುವುದು. “ಇಷ್ಟೇನಾ ಸರ್?” ಅಂದ. “ಇಷ್ಟೇ. ಆದ್ರೆ ಇದು ನಿಂತ್ರೆ ಏನಾಗುತ್ತೆ ನೋಡ್ತಿಯಾ?” ಅಂತ ಹೇಳಿ, ವಾದ್ಯ ಯಾವುದೂ ಇಲ್ಲದೆ ಇಡೀ ತಂಡವನ್ನು ಹಾಡಿಸಿದೆ, ಅರ್ಧದಲ್ಲಿ ಅವನಿಗೆ ಕೈ ಸನ್ನೆ ಮಾಡಿ ನಿಲ್ಲಿಸಿದೆ. ಮುಂದಿನ ಚರಣ ಮುಗಿಯುವಷ್ಟರಲ್ಲಿ ಉಳಿದವರೆಲ್ಲ ಶ್ರುತಿ ಬಿಟ್ಟು ಇಳಿದಿದ್ದರು. ಹಾರ್ಮೋನಿಯಂನಲ್ಲಿ ಸ ಒತ್ತಿ ತೋರಿಸಿದಾಗ ಎಲ್ಲರಿಗೂ ಗೊತ್ತಾಯಿತು. ಅವತ್ತಿನಿಂದ ಅವನು ಮುಂದಿನ ಸಾಲಿಗೆ ಬಂದ, ಅವನ ಹಾಗೇ ಒದ್ದಾಡುತ್ತಿದ್ದ ಇನ್ನೂ ಕೆಲವರು ಜೊತೆಗೆ ಬಂದು ನಿಂತರು. ತಂಡಕ್ಕೆ ಮೂರನೇ ಪಾಲು ಹುಟ್ಟಿದ್ದು ಹೀಗೆ.

ಶ್ರುತಿ ಸೇರುವುದು ಅಂದ್ರೆ ಏನು ಅಂತ ಮಾತಿನಲ್ಲಿ ಎಷ್ಟು ಹೇಳಿದರೂ ಹತ್ತುವುದಿಲ್ಲ, ಕಿವಿಗೆ ಕೇಳಿಸಬೇಕು. ಗಿಟಾರಿನ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ತಂದು, ಒಂದನ್ನು ಸ್ವಲ್ಪವೇ ಸಡಿಲ ಮಾಡಿ ಮೀಟಿದೆ. ಒಂದು 440 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 440 ಕಂಪನ), ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಸಲ ಶಬ್ದ ಏರಿ ಇಳಿಯುತ್ತದೆ, ವಾವ್ ವಾವ್ ಅಂತ. ಹತ್ತಿರ ತಂದ ಹಾಗೆ ಆ ಅಲೆ ನಿಧಾನ ಆಗುತ್ತಾ ಆಗುತ್ತಾ ಕೊನೆಗೆ ನಿಂತುಬಿಡುತ್ತದೆ. ಎಂಟನೇ ಕ್ಲಾಸಿನ ಮಕ್ಕಳೂ ಇದನ್ನು ಥಟ್ಟನೆ ಹಿಡಿದರು. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಒಂದೇ ‘ಆ’ ಹಿಡಿಸಿ, ಅಲೆ ನಿಲ್ಲುವ ತನಕ ಹುಡುಕಿ ಅಂತ ಬಿಟ್ಟೆ. ಪ್ರತಿ ಅಭ್ಯಾಸದ ಮೊದಲ ಕೆಲಸವೇ ಇದಾಯಿತು.

ವಾದ್ಯ ತಂಡದಲ್ಲಿ ಯಾರ ಬಳಿ ಏನಿತ್ತೋ ಅದು. ಕೊಳಲು, ವಯೊಲಿನ್, ಗಿಟಾರ್, ಕೀಬೋರ್ಡ್, ತಬಲಾ, ಶಾಲೆಯದ್ದೇ ಡ್ರಮ್. ಇಂಥ ಬೆರಕೆ ತಂಡದಲ್ಲಿ ಶ್ರುತಿಯನ್ನು ತೀರ್ಮಾನ ಮಾಡುವುದು ಕೊಳಲು, ಯಾಕಂದ್ರೆ ಬಿದಿರಿನ ಕೊಳಲಿಗೆ ತೂತು ಕೊರೆದಾಗಲೇ ಅದರ ಶ್ರುತಿ ಗೊತ್ತಾಗಿ ಹೋಗಿರುತ್ತದೆ. ಕೀಬೋರ್ಡಿಗೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇದೆ, ಗಿಟಾರಿಗೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಕ್ಯಾಪೋ ಇದೆ, ವಯೊಲಿನ್ನಿಗೆ ಬಿರಡೆ ತಿರುಗಿಸಿದರಾಯಿತು. ಹಾಗಾಗಿ ಕೊಳಲಿನಿಂದ ಶುರು ಮಾಡಿ ಉಳಿದವರನ್ನು ಅದಕ್ಕೆ ಸೇರಿಸಿದೆ. ಶಾಲೆಯ ಹಳೇ ಹಾರ್ಮೋನಿಯಂ ಮಾತ್ರ ಕೀಬೋರ್ಡಿಗೆ ಸೇರಲೇ ಇಲ್ಲ. ಅದರ ರೀಡ್‌ಗಳನ್ನು ಕೆರೆದೇ ಶ್ರುತಿ ಮಾಡಬೇಕು, ನಾವು ಮಾಡುವ ಕೆಲಸ ಅಲ್ಲ. ಅದನ್ನು ಗಾಯನ ತಂಡದ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡೆ.

ಚಳಿ ಇದ್ದಾಗ ಕೊಳಲಿನ ಶ್ರುತಿ ಕೆಳಗಿರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿ ಆದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿ ಆಗುತ್ತದೆ, ಕೊಳಲಿನ ಸ್ವರವೂ ಅದರ ಜೊತೆ ಏರುತ್ತದೆ. ತಂತಿ ವಾದ್ಯ ಇದಕ್ಕೆ ತದ್ವಿರುದ್ಧ, ಬಿಸಿಗೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಅದಕ್ಕೇ ಮೊದಲು ಹತ್ತು ನಿಮಿಷ ಎಲ್ಲರೂ ಊದಿ, ನುಡಿಸಿ ಆದ ಮೇಲೆ ಶ್ರುತಿ ಮಾಡುವುದು ಅಂತ ನಿಯಮ ಇಟ್ಟೆ. ಬಂದ ತಕ್ಷಣ ಶ್ರುತಿ ಮಾಡಿದರೆ ಎರಡನೇ ಹಾಡಿಗೇ ಎಲ್ಲ ಕೆಟ್ಟಿರುತ್ತದೆ.

ಹೊಸದಾಗಿ ವಯೊಲಿನ್ ಹಿಡಿದವರಿಗೆ ಬೆರಳೇ ಇಡಬೇಕಿಲ್ಲದ ಪಾಲು ಬರೆದುಕೊಟ್ಟೆ, ಬರೀ ಖಾಲಿ ತಂತಿ, ಸ ಮತ್ತು ಪ. ಉದ್ದ ಕಮಾನು ಎಳೆಯುವುದು, ಅಷ್ಟೇ. ಕಮಾನು ಸರಿಯಾಗಿ ಎಳೆಯಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಮೊದಲ ತಿಂಗಳಿನಿಂದಲೇ ತಂಡದ ಮಧ್ಯೆ ಕೂತು ನುಡಿಸುತ್ತಿದ್ದೇನೆ ಅನ್ನುವ ಖುಷಿ ಆ ಮಕ್ಕಳಿಗೆ. ಅವರ ಆಧಾರ ಸ್ವರದ ಮೇಲೆ ಚೆನ್ನಾಗಿ ಬರುವವರು ರಾಗ ನುಡಿಸುತ್ತಿದ್ದರು.

ಡ್ರಮ್ಮನ್ನು ಹಾಡುವವರ ಬೆನ್ನ ಹಿಂದೆ ಇಡಬೇಡಿ. ಪಕ್ಕಕ್ಕೆ, ದೂರ ಇಡಿ. ಗದ್ದಲದಲ್ಲಿ ಇದ್ದಾಗ ನಮಗೆ ಗೊತ್ತಿಲ್ಲದೇ ನಾವು ಧ್ವನಿ ಏರಿಸುತ್ತೇವೆ, ಇದನ್ನು ಫ್ರಾನ್ಸಿನ ಕಿವಿ ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದರು. ಹಾಡುವವರಿಗೆ ತಮ್ಮ ಧ್ವನಿ ಕೇಳಿಸದಿದ್ದರೆ ಕೂಗುತ್ತಾರೆ, ಕೂಗಿದರೆ ಶ್ರುತಿ ಹೋಗುತ್ತದೆ, ಒಡೆಯುತ್ತಿರುವ ಧ್ವನಿಗಂತೂ ಅದು ಪೆಟ್ಟು. ಜಾಗ ಬದಲಿಸಿದ್ದಕ್ಕೇ ತಂಡದ ಅರ್ಧ ಗಲಾಟೆ ಕಡಿಮೆ ಆಯಿತು.

ಇನ್ನು ಕ್ಲಬ್‌ಗಳ ವಿಷಯ. ಉತ್ಸಾಹ ಇರುವ ಮಗು ಎಲ್ಲ ಕಡೆ ಹೆಸರು ಕೊಟ್ಟಿರುತ್ತದೆ, ಚರ್ಚಾ ಕ್ಲಬ್, ನಾಟಕ, ವಿಜ್ಞಾನ, ಚೆಸ್, ಗೋಡೆ ಪತ್ರಿಕೆ, ಮೇಲೆ ಸಂಗೀತ. ಆಮೇಲೆ ಎಲ್ಲಿಗೂ ಸರಿಯಾಗಿ ಬರಲು ಆಗುವುದಿಲ್ಲ. ಒಬ್ಬರಿಗೆ ಎರಡು ಮಾತ್ರ ಅಂತ ಮಾಡಿದೆವು, ಅದರಲ್ಲೂ ಒಂದು ವೇದಿಕೆಯದ್ದಾದರೆ ಇನ್ನೊಂದು ವೇದಿಕೆ ಇಲ್ಲದ್ದು. ನಾಟಕ ಮತ್ತು ಗಾಯನ ಎರಡನ್ನೂ ತೆಗೆದುಕೊಂಡರೆ ಕಾರ್ಯಕ್ರಮದ ವಾರದಲ್ಲಿ ಆ ಮಗು ಹರಿದು ಹಂಚಿಹೋಗುತ್ತದೆ. ಒಂದೊಂದು ಕ್ಲಬ್ಬಿಗೆ ಗೊತ್ತು ಮಾಡಿದ ದಿನವನ್ನು ಮಾತ್ರ ವರ್ಷಪೂರ್ತಿ ಬದಲಿಸಲಿಲ್ಲ. ಚರ್ಚಾ ಕ್ಲಬ್ಬಿನಲ್ಲಿ ಮಾತಾಡಲು ಹೆದರುವವರು ಮೊದಲು ಗಡಿಯಾರ ಹಿಡಿದು ಸಮಯ ನೋಡುವ ಕೆಲಸ ಮಾಡಿದರು, ಕೆಲವು ವಾರ ಬೇರೆಯವರನ್ನು ಕೇಳಿಸಿಕೊಂಡ ಮೇಲೆ ತಾವೇ ಎದ್ದು ನಿಂತರು. ಚೆಸ್ ತನ್ನಷ್ಟಕ್ಕೆ ನಡೆಯಿತು.

ನನಗೆ ತುಂಬ ಖುಷಿ ಕೊಟ್ಟಿದ್ದು ವಿಜ್ಞಾನ ಕ್ಲಬ್ಬಿನವರು ನಮ್ಮ ಅಭ್ಯಾಸದ ಕೋಣೆಗೆ ಅಳತೆ ಪಟ್ಟಿ ಹಿಡಿದುಕೊಂಡು ಬಂದಿದ್ದು. ಗಿಟಾರಿನ ತಂತಿಯ ಉದ್ದ 65 ಸೆಂಟಿಮೀಟರ್ ಇತ್ತು. ಹನ್ನೆರಡನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಒತ್ತಿದರೆ ಉಳಿಯುವ ತಂತಿ ಸರಿಯಾಗಿ ಅರ್ಧ, 32.5, ಸ್ವರ ಒಂದು ಸ್ಥಾಯಿ ಮೇಲೆ. ಏಳನೇ ಫ್ರೆಟ್ಟಿನಲ್ಲಿ ಪಂಚಮ, ಅಲ್ಲಿ ಉಳಿಯುವುದು ಮೂರರಲ್ಲಿ ಎರಡು ಭಾಗ. ಐದನೆಯದರಲ್ಲಿ ಮಧ್ಯಮ (ಮ), ನಾಲ್ಕರಲ್ಲಿ ಮೂರು ಭಾಗ. ಒಬ್ಬ ಹುಡುಗಿ ಲೆಕ್ಕ ಹಾಕಿ, “ಸರ್, ಮೂರರಲ್ಲಿ ಎರಡು ಅಂದ್ರೆ 43.33 ಬರಬೇಕು, ಆದ್ರೆ ಫ್ರೆಟ್ಟು ಕೂದಲೆಳೆಯಷ್ಟು ಈಚೆ ಇದೆ” ಅಂದಳು. ಅವಳು ಹೇಳಿದ್ದು ಸರಿ. ಫ್ರೆಟ್‌ಗಳನ್ನು ಕೂರಿಸುವುದು ಸ್ಥಾಯಿಯನ್ನು ಹನ್ನೆರಡು ಸಮ ಹೆಜ್ಜೆ ಮಾಡಿ, ಆ ಲೆಕ್ಕದಲ್ಲಿ ಏಳನೇ ಫ್ರೆಟ್ಟಿಗೆ 43.38 ಬರುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸ. ಪಂಚಮ ಒಂಚೂರು ತಗ್ಗಿರುವುದು ಅದಕ್ಕೇ. ತಂಬೂರಿಯ ಪಂಚಮಕ್ಕೂ ಕೀಬೋರ್ಡಿನ ಪಂಚಮಕ್ಕೂ ಇರುವ ಸಣ್ಣ ಜಗಳ ಇದೇ ಅಂತ ಹೇಳಿದೆ, ಎರಡನ್ನೂ ಒಟ್ಟಿಗೆ ಕೇಳಿಸಿದೆ. ಮಾರನೇ ವಾರದ ಗೋಡೆ ಪತ್ರಿಕೆಯಲ್ಲಿ ಅದರ ಚಿತ್ರ ಬಂತು.

ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಕಡೆ ಹಾಜರಿ ಬಿತ್ತು. ಅಭ್ಯಾಸ ರದ್ದು ಮಾಡಲಿಲ್ಲ, ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಹೊಸ ಹಾಡು ಇಲ್ಲ, ಬರುವ ಹಾಡನ್ನೇ ಹಾಡಿ ಮನೆಗೆ. ಹತ್ತನೇ ಕ್ಲಾಸಿನವರಿಗೆ ಬರಲೇಬೇಕು ಅಂತ ಹೇಳಲಿಲ್ಲ, ಆದರೂ ಓದಿ ತಲೆ ಕೆಟ್ಟಾಗ ಅವರೇ ಬಂದು ಹಾಡಿ ಹೋಗುತ್ತಿದ್ದರು.

ವರ್ಷದ ಕಾರ್ಯಕ್ರಮಕ್ಕೆ ಒಬ್ಬೊಬ್ಬರಿಗೆ ಒಂದೊಂದು ಮೈಕ್ ಕೇಳಬೇಡಿ. ಎರಡೇ ಮೈಕ್ ಎತ್ತರದಲ್ಲಿ, ತಂಡದಿಂದ ಸ್ವಲ್ಪ ದೂರ ಇಟ್ಟರೆ ಎಲ್ಲರ ಧ್ವನಿ ಬೆರೆತು ಬರುತ್ತದೆ. ಬಾಯಿ ಹತ್ತಿರ ಇಟ್ಟರೆ ಇಬ್ಬರದ್ದು ಮಾತ್ರ ಕೇಳುತ್ತದೆ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿ ಇರಲಿ. ಇಲ್ಲದಿದ್ದರೆ ಸ್ಪೀಕರಿನ ಶಬ್ದ ಮೈಕಿಗೆ ವಾಪಸ್ ನುಗ್ಗಿ ಕುಂಯ್ ಅನ್ನುತ್ತದೆ. ಮೂರನೇ ಪಾಲಿನ ಹುಡುಗರನ್ನು ಮಧ್ಯದಲ್ಲಿ ನಿಲ್ಲಿಸಿದೆ, ಎರಡೂ ಕಡೆಯವರಿಗೆ ಅವರ ಸ ಕೇಳಬೇಕಲ್ಲ. ಹಾಡುಗಳ ಸರದಿಯಲ್ಲಿ ಮೇಲೇರುವ ಹಾಡನ್ನು ಕೊನೆಗೆ ಇಡದೆ ಎರಡನೆಯದಾಗಿ ಇಟ್ಟೆ, ಗಂಟಲು ಬಿಸಿ ಆಗಿರುತ್ತದೆ, ಇನ್ನೂ ದಣಿದಿರುವುದಿಲ್ಲ.

ವರ್ಷದ ಕೊನೆಯಲ್ಲಿ ಎಲ್ಲರ ಧ್ವನಿ ಮತ್ತೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಮೂರನೇ ಸಾಲು ಬರೆದೆ. ಆ ಒಂಬತ್ತನೇ ಕ್ಲಾಸಿನ ಹುಡುಗನ ಆರು ಸ್ವರ ಈಗ ಹತ್ತು ದಾಟಿವೆ, ಎಲ್ಲ ಕೆಳಗಿನ ಕಡೆಗೆ. ಅವನ ಜೊತೆ ನಿಂತವರಲ್ಲೂ ಹೆಚ್ಚಿನವರ ಧ್ವನಿ ತಗ್ಗಿನಲ್ಲಿ ನೆಲೆ ನಿಲ್ಲುತ್ತಿದೆ. ಅಂದ್ರೆ ಬರುವ ವರ್ಷ ಈ ಮೂರನೇ ಪಾಲು ಬರೀ ಆಧಾರ ಸ್ವರವಾಗಿ ಇರಬೇಕಿಲ್ಲ, ಅದಕ್ಕೆ ಅದರದ್ದೇ ರಾಗದ ಸಾಲುಗಳು ಬೇಕು. ಕೆಳಗಿನ ಪಂಚಮದಿಂದ ಮಧ್ಯ ಸ್ಥಾಯಿಯ ಪಂಚಮದ ಒಳಗೆ ಓಡಾಡುವ, ಹದಿನೈದರ ಹುಡುಗರು ಖುಷಿಯಿಂದ ಹಾಡುವಂಥ ಹಾಡುಗಳನ್ನು ಈಗ ಹುಡುಕುತ್ತಿದ್ದೇನೆ. ನಿಮ್ಮ ಶಾಲೆಯಲ್ಲಿ ಅಂಥದ್ದು ಹಾಡಿಸಿದ್ದರೆ ದಯವಿಟ್ಟು ತಿಳಿಸಿ, ಯಾವ ಶ್ರುತಿಯಲ್ಲಿ ಹಾಡಿಸಿದಿರಿ ಅನ್ನುವುದನ್ನೂ ಹೇಳಿ.